ಸಕ್ಕರೆ ಯಾವಾಗ ಬೇಕು, ಯಾವಾಗ ಬೇಡ: ಮಾವಿನ ಹಣ್ಣಿನ ತಣ್ಣನೆ ಲೆಕ್ಕ

ಬೇಸಿಗೆ ಬಂತೆಂದರೆ ಫೋನ್ ತುಂಬ ಒಂದೇ ಥರದ ವಿಡಿಯೋಗಳು. ಮಾವಿನ ಹಣ್ಣು ಹೆಚ್ಚಿ, ಮಿಕ್ಸಿಗೆ ಹಾಕಿ, ಡಬ್ಬಕ್ಕೆ ಸುರಿದು ಫ್ರೀಜರಿಗೆ ಇಡ್ತಾರೆ. ಮುಂದಿನ ಸೆಕೆಂಡಿಗೇ ಬೆಣ್ಣೆಯಂಥ ಉಂಡೆಯೊಂದು ಬಟ್ಟಲಲ್ಲಿ ಕೂತಿರುತ್ತೆ. ಅದೇ ಕ್ರಮವನ್ನು ಮನೆಯಲ್ಲಿ ಅನುಸರಿಸಿದರೆ ಮಾರನೇ ದಿನ ಡಬ್ಬದಿಂದ ಹೊರಗೆ ಬರೋದು ಹಳದಿ ಇಟ್ಟಿಗೆ. ಚಮಚ ಬಾಗುತ್ತೆ, ಹಣ್ಣು ಜಗ್ಗಲ್ಲ.

ಆ ಎರಡು ಸೆಕೆಂಡುಗಳ ನಡುವೆ ವಿಡಿಯೋ ಹೇಳದೇ ಬಿಟ್ಟದ್ದೇನು ಅನ್ನೋದೇ ಈ ವಾರದ ವಿಷಯ. ಉತ್ತರ ಒಂದೇ ಪದದಲ್ಲಿದೆ: ಸಕ್ಕರೆ. ಆದರೆ ನಾವು ಅಂದುಕೊಂಡ ಕಾರಣಕ್ಕಲ್ಲ.

ನಾನು ಇದನ್ನು ಇಷ್ಟು ಕೆದಕೋಕೆ ಕಾರಣ ನಮ್ಮಪ್ಪ. ಅಪ್ಪನ ಊರು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಕಡೆ. ಮಾವಿಗೆ ಹೆಸರಾದ ಊರು. ಕಣ್ಣು ಮುಚ್ಚಿ ಮೂಸಿ ನೋಡಿ ಇದು ರಸಪುರಿ, ಇದು ಮಲ್ಲಿಕಾ, ಇದು ಗಿಣಿಮೂತಿ ಅಂತ ಹೇಳುವ ಮನುಷ್ಯ. ಎರಡು ವರ್ಷದ ಹಿಂದೆ ಅವರಿಗೆ ಸಕ್ಕರೆ ಕಾಯಿಲೆ ಅಂತ ಗೊತ್ತಾಯ್ತು. ಆಮೇಲೆ ಮನೆಯಲ್ಲಿ ಒಂದು ವಿಚಿತ್ರ ಶಿಷ್ಟಾಚಾರ ಶುರುವಾಯ್ತು. ಅಮ್ಮ ಅಡುಗೆಮನೆಯಲ್ಲೇ ಸದ್ದಿಲ್ಲದೆ ಹಣ್ಣು ಹೆಚ್ಚಿ ನಮಗೆ ಮಾತ್ರ ಕೊಡೋದು. ಅಪ್ಪ ಆ ಹೊತ್ತಿಗೆ ಸರಿಯಾಗಿ ಫೋನ್ ಹಿಡಿದು ಬಾಲ್ಕನಿಗೆ ಹೋಗೋದು. ಯಾರೂ ಯಾರಿಗೂ ಏನೂ ಹೇಳಿರಲಿಲ್ಲ. ಡಾಕ್ಟರ್ ಮಾವು ಮುಟ್ಟಲೇಬೇಡಿ ಅಂತಲೂ ಹೇಳಿರಲಿಲ್ಲ. ಅಳತೆ ಮೀರಬೇಡಿ, ಸಕ್ಕರೆ ಸೇರಿಸಬೇಡಿ ಅಂದಿದ್ದರು ಅಷ್ಟೇ.

ಹಾಗಾಗಿ ಈ ವರ್ಷ ನನಗಿದ್ದ ಪ್ರಶ್ನೆ ಸರಳವಾಗಿತ್ತು. ಮನೆಮಂದಿಯೆಲ್ಲ ಒಂದೇ ಬಟ್ಟಲಿನಿಂದ ತಿನ್ನಬಹುದಾದ ತಣ್ಣನೆ ಹಣ್ಣಿನ ತಿನಿಸು ಮಾಡಬಹುದಾ? ಮಾಡಬಹುದು. ಅದಕ್ಕೆ ಮೊದಲು ಇಟ್ಟಿಗೆ ಹೇಗಾಗುತ್ತೆ ಅಂತ ಗೊತ್ತಿರಬೇಕು.

ಪಾನಕವೇ ಮೂಲ

ದೊಡ್ಡ ಹೋಟೆಲ್‌ಗಳ ಮೆನುವಿನಲ್ಲಿ ‘ಸೋರ್ಬೆ’ ಅಂತ ಇರುತ್ತಲ್ಲ, ಅದರ ಬೆಲೆ ನೋಡಿ ಹೆದರಬೇಡಿ. ಹಾಲು, ಕೆನೆ ಹಾಕದೆ ಹಣ್ಣಿನ ತಿರುಳು, ಸಕ್ಕರೆ, ನೀರು ಇಷ್ಟನ್ನೇ ಹೆಪ್ಪುಗಟ್ಟಿಸಿದ ತಿನಿಸು ಅದು. ಪದ ಕೂಡ ನಮಗೆ ದೂರದ್ದಲ್ಲ. ಅರಬ್ಬಿಯಿಂದ ಬಂದ ‘ಶರಬತ್’ ತುರ್ಕಿಯಲ್ಲಿ ‘ಶೆರ್ಬೆತ್’ ಆಗಿ, ಇಟಲಿಯಲ್ಲಿ ‘ಸೋರ್ಬೆತ್ತೊ’ ಆಗಿ, ಫ್ರಾನ್ಸಿಗೆ ಹೋಗಿ ‘ಸೋರ್ಬೆ’ ಆಯ್ತು. ಅಂದ್ರೆ ಹೆಪ್ಪುಗಟ್ಟಿದ ಶರಬತ್ತು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಹೆಪ್ಪುಗಟ್ಟಿದ ಪಾನಕ. ರಾಮನವಮಿಗೆ ಕರಬೂಜದ ಪಾನಕ, ಬೇಲದ ಹಣ್ಣಿನ ಪಾನಕ ಮಾಡುವ ಕೈಗೆ ಸೋರ್ಬೆ ಹೊಸ ವಿದ್ಯೆ ಏನಲ್ಲ. ಫ್ರೀಜರಿನೊಳಗೆ ಆ ಪಾನಕಕ್ಕೆ ಏನಾಗುತ್ತೆ ಅನ್ನೋದಷ್ಟೇ ಹೊಸ ಪಾಠ.

ಆಗೋದಿಷ್ಟು. ಬರೀ ನೀರು ಸೊನ್ನೆ ಡಿಗ್ರಿಯಲ್ಲಿ ಹೆಪ್ಪುಗಟ್ಟುತ್ತೆ. ಅದರಲ್ಲಿ ಸಕ್ಕರೆ ಕರಗಿದ್ದರೆ ಹೆಪ್ಪುಗಟ್ಟಲು ಇನ್ನೂ ಕೆಳಗಿನ ಉಷ್ಣತೆ ಬೇಕು. ಪಿಯುಸಿ ಕೆಮಿಸ್ಟ್ರಿ ನೆನಪಿದ್ದರೆ, ಒಂದು ಕಿಲೋ ನೀರಿಗೆ 342 ಗ್ರಾಂ ಸಕ್ಕರೆ ಅಂದರೆ ಒಂದು ಮೋಲ್. ಅದು ಘನೀಭವನ ಬಿಂದುವನ್ನು ಸುಮಾರು 1.86 ಡಿಗ್ರಿ ಕೆಳಗಿಳಿಸುತ್ತೆ. ಇಷ್ಟೇನಾ ಅನ್ನಿಸಬಹುದು. ಮನೆಯ ಫ್ರೀಜರ್ ಮೈನಸ್ 18ರ ಆಸುಪಾಸಿನಲ್ಲಿರುತ್ತೆ, ಎರಡು ಡಿಗ್ರಿ ಯಾವ ಲೆಕ್ಕ?

ಮಜಾ ಇರೋದು ಮುಂದಿನ ಹಂತದಲ್ಲಿ. ಮೊದಲು ಹೆಪ್ಪುಗಟ್ಟೋದು ನೀರು ಮಾತ್ರ. ಸಕ್ಕರೆ ಐಸಿನ ಹರಳಿನೊಳಗೆ ಹೋಗದೆ ಹೊರಗೇ ಉಳಿಯುತ್ತೆ. ಹಾಗಾಗಿ ಉಳಿದ ದ್ರವ ಗಟ್ಟಿ ಪಾಕವಾಗ್ತಾ ಹೋಗುತ್ತೆ. ಪಾಕ ಗಟ್ಟಿಯಾದಷ್ಟೂ ಅದು ಹೆಪ್ಪುಗಟ್ಟೋದು ಇನ್ನಷ್ಟು ಕಷ್ಟ. ಕೊನೆಗೆ ಮೈನಸ್ 18ರಲ್ಲೂ ಐಸ್ ಹರಳುಗಳ ಮಧ್ಯೆ ಸ್ವಲ್ಪ ಪಾಕ ಹೆಪ್ಪುಗಟ್ಟದೆ ಉಳಿದುಬಿಡುತ್ತೆ. ಚಮಚ ಒಳಗೆ ಇಳಿಯೋದು ಆ ಪಾಕದ ದಾರಿಯಿಂದ. ಪಾಕ ಕಡಿಮೆಯಿದ್ದರೆ ದಾರಿಯೇ ಇಲ್ಲ, ಹರಳಿಗೆ ಹರಳು ಅಂಟಿಕೊಂಡು ಕಲ್ಲಾಗುತ್ತೆ.

ಅಂದ್ರೆ ಇಲ್ಲಿ ಸಕ್ಕರೆಗೆ ಎರಡು ಕೆಲಸ. ಒಂದು ಸಿಹಿ ಕೊಡೋದು. ಇನ್ನೊಂದು ಮೆತ್ತಗೆ ಇಡೋದು. ಅಂಗಡಿಯ ಸೋರ್ಬೆ ಅಷ್ಟು ಸಿಹಿಯಾಗಿರೋದು ನಿಮ್ಮ ನಾಲಿಗೆಗಾಗಿ ಮಾತ್ರ ಅಲ್ಲ, ಡಬ್ಬದಲ್ಲಿ ವಾರಗಟ್ಟಲೆ ಮೆತ್ತಗೆ ಕೂರಬೇಕಲ್ಲ, ಅದಕ್ಕೂ ಹೌದು. ಜೊತೆಗೆ ತಣ್ಣಗಾದಷ್ಟೂ ನಾಲಿಗೆಗೆ ಸಿಹಿ ಕಮ್ಮಿ ಅನ್ನಿಸುತ್ತೆ. ಕರಗಿದ ಐಸ್‌ಕ್ರೀಮ್ ಕುಡಿದು ನೋಡಿದ್ದರೆ ಅದು ಎಷ್ಟು ಸಿಹಿ ಅಂತ ನಿಮಗೇ ಗೊತ್ತು.

ಮೊದಲನೆಯದು: ಡಬ್ಬದಲ್ಲಿಡುವ ಸೋರ್ಬೆ

ಸಾಮಾನ್ಯವಾಗಿ ಒಟ್ಟು ತೂಕದ ಶೇ 25ರಿಂದ 30ರಷ್ಟು ಸಕ್ಕರೆ ಇದ್ದರೆ ಸೋರ್ಬೆ ಚಮಚಕ್ಕೆ ಸಿಗುವಷ್ಟು ಮೆತ್ತಗಿರುತ್ತೆ. ಈ ಲೆಕ್ಕದಲ್ಲಿ ಹಣ್ಣಿನೊಳಗಿನ ಸಕ್ಕರೆಯನ್ನೂ ಸೇರಿಸಿಕೊಳ್ಳಬೇಕು.

ರಸಪುರಿ ತಿರುಳು 500 ಗ್ರಾಂ ತಗೊಳ್ಳಿ. ಮಾಗಿದ ಮಾವಿನಲ್ಲಿ 100 ಗ್ರಾಂಗೆ ಸುಮಾರು 15 ಗ್ರಾಂ ಸಕ್ಕರೆ ಅಂತ ಇಟ್ಟುಕೊಂಡರೆ ಇಲ್ಲೇ 75 ಗ್ರಾಂ ಬಂತು. ಮೇಲಿಂದ 80 ಗ್ರಾಂ ಸಕ್ಕರೆ, ಒಂದು ದೊಡ್ಡ ಚಮಚ ನಿಂಬೆರಸ, ಒಂದು ಚಿಟಿಕೆ ಉಪ್ಪು. ಒಟ್ಟು ತೂಕ 595 ಗ್ರಾಂ, ಅದರಲ್ಲಿ ಸಕ್ಕರೆ 155 ಗ್ರಾಂ, ಅಂದರೆ ಶೇ 26. ರಸಪುರಿ ರಸಭರಿತ ಹಣ್ಣಾದ್ದರಿಂದ ನೀರು ಹಾಕಬೇಕಿಲ್ಲ. ಬಾದಾಮಿ ಹಣ್ಣಾದರೆ ತಿರುಳು ಗಟ್ಟಿ, ಕಾಲು ಕಪ್ ನೀರು ಸೇರಿಸಿ, ಜೊತೆಗೆ ಇನ್ನೊಂದು 15 ಗ್ರಾಂ ಸಕ್ಕರೆಯನ್ನೂ ಹಾಕಿ. ಇಲ್ಲಾಂದ್ರೆ ನೀರು ಸೇರಿದಷ್ಟೂ ಶೇಕಡಾವಾರು ಕೆಳಗಿಳಿಯುತ್ತೆ.

ಮಾಡುವ ಕ್ರಮ ಹೀಗೆ:

ಹಣ್ಣನ್ನು ಅರ್ಧ ಗಂಟೆ ನೀರಲ್ಲಿ ನೆನೆಸಿ ತೊಳೆದು, ತಿರುಳು ತೆಗೆದು, ಸಕ್ಕರೆ ಪುಡಿ, ನಿಂಬೆರಸ, ಉಪ್ಪು ಹಾಕಿ ಮಿಕ್ಸಿಯಲ್ಲಿ ನುಣ್ಣಗೆ ಮಾಡಿ. ರಸಪುರಿಯಲ್ಲಿ ನಾರು ಜಾಸ್ತಿ ಅನ್ನಿಸಿದರೆ ಒಮ್ಮೆ ಜರಡಿಯಲ್ಲಿ ಒತ್ತಿ.

ಮಿಶ್ರಣವನ್ನು ಮೊದಲು ಫ್ರಿಜ್ಜಿನ ಕೆಳಗಿನ ಭಾಗದಲ್ಲಿ ಎರಡು ಗಂಟೆ ಇಟ್ಟು ತಣ್ಣಗೆ ಮಾಡಿ. ಬೆಚ್ಚಗಿರೋದನ್ನು ನೇರ ಫ್ರೀಜರಿಗಿಟ್ಟರೆ ಹೆಪ್ಪುಗಟ್ಟೋಕೆ ಹೊತ್ತು ಹಿಡಿಯುತ್ತೆ. ನಿಧಾನಕ್ಕೆ ಹೆಪ್ಪುಗಟ್ಟಿದರೆ ಹರಳು ದೊಡ್ಡದಾಗಿ ಬೆಳೆಯುತ್ತೆ, ಬಾಯಲ್ಲಿ ಮರಳು ಮರಳು ಅನ್ನಿಸುತ್ತೆ.

ಅಗಲವಾದ ಸ್ಟೀಲ್ ತಟ್ಟೆಗೆ ಒಂದಿಂಚಿಗಿಂತ ತೆಳ್ಳಗೆ ಸುರಿಯಿರಿ. ಆಳವಾದ ಪ್ಲಾಸ್ಟಿಕ್ ಡಬ್ಬಕ್ಕಿಂತ ಇದರಲ್ಲಿ ಶಾಖ ಬೇಗ ಹೊರಹೋಗುತ್ತೆ. ಮನೆಯಲ್ಲಿ ಇಡ್ಲಿಪಾತ್ರೆಯ ಅಗಲ ಮುಚ್ಚಳ ಇದ್ದರೆ ಅದೂ ಆಗುತ್ತೆ.

ಮುಕ್ಕಾಲು ಗಂಟೆಗೊಮ್ಮೆ ತೆಗೆದು ಫೋರ್ಕಿನಿಂದ ಅಂಚಿನ ಐಸನ್ನು ಕೆರೆದು ನಡುವಿಗೆ ಕಲಸಿ. ಹೀಗೆ ಮೂರ್ನಾಲ್ಕು ಸಲ. ಐಸ್‌ಕ್ರೀಮ್ ಯಂತ್ರ ಮಾಡೋದೂ ಇದೇ ಕೆಲಸ, ಅದು ಬಿಡುವಿಲ್ಲದೆ ತಿರುಗಿಸುತ್ತೆ ಅಷ್ಟೇ. ಮೀಟಿಂಗ್ ನಡುವೆ ಎದ್ದು ಹೋಗೋಕೆ ಮನೆಯಿಂದ ಕೆಲಸ ಮಾಡುವವರಿಗೆ ಇದಕ್ಕಿಂತ ಒಳ್ಳೆ ನೆಪ ಬೇಕಾ?

ಗಟ್ಟಿಯಾದ ಮೇಲೆ ಮುಚ್ಚಳವಿರುವ ಡಬ್ಬಕ್ಕೆ ಹಾಕಿ, ಮೇಲ್ಮೈಗೆ ತಾಗುವಂತೆ ಬಟರ್ ಪೇಪರ್ ಹಚ್ಚಿ ಇಡಿ. ಒಂದು ವಾರದೊಳಗೆ ಮುಗಿಸಿದರೆ ರುಚಿ ಚೆನ್ನ. ತಿನ್ನುವ ಹತ್ತು ನಿಮಿಷ ಮುಂಚೆ ಹೊರಗಿಡಿ.

ಸಕ್ಕರೆಯ ಒಂದು ಭಾಗದ ಬದಲು ಜೇನು ಹಾಕಿದರೆ ಇನ್ನೂ ಮೆತ್ತಗಾಗುತ್ತೆ. ಜೇನಿನಲ್ಲಿರೋದು ಬಹುಪಾಲು ಗ್ಲೂಕೋಸ್ ಮತ್ತು ಫ್ರಕ್ಟೋಸ್. ಇವುಗಳ ಅಣುಗಳು ಮಾಮೂಲಿ ಸಕ್ಕರೆಯ ಅಣುವಿನ ಸುಮಾರು ಅರ್ಧ ತೂಕದವು. ಹಾಗಾಗಿ ಅಷ್ಟೇ ಗ್ರಾಂನಲ್ಲಿ ಹೆಚ್ಚುಕಮ್ಮಿ ಎರಡು ಪಟ್ಟು ಅಣುಗಳಿರುತ್ತವೆ, ಹೆಪ್ಪುಗಟ್ಟದಂತೆ ತಡೆಯೋದು ಅಣುಗಳ ಸಂಖ್ಯೆಯೇ. ಒಂದು ವರ್ಷದೊಳಗಿನ ಮಗು ಮನೆಯಲ್ಲಿದ್ದರೆ ಮಾತ್ರ ಅದಕ್ಕೆ ಜೇನು ಹಾಕಿದ್ದನ್ನು ಕೊಡಬೇಡಿ.

ಇದು ಒಳ್ಳೆಯ ಸೋರ್ಬೆ, ಅನುಮಾನ ಬೇಡ. ಮನೆಗೆ ಜನ ಬರ್ತಾರೆ ಅಂದಾಗ ಹಿಂದಿನ ದಿನವೇ ಮಾಡಿಡಬಹುದು. ಆದರೆ 100 ಗ್ರಾಂ ತಿಂದರೆ ಹೊಟ್ಟೆಗೆ ಹೋಗೋದು 26 ಗ್ರಾಂ ಸಕ್ಕರೆ. ಆರು ಟೀ ಚಮಚಕ್ಕಿಂತ ಹೆಚ್ಚು. ಅಪ್ಪನಿಗೆ ಇದು ಆಗದ ಮಾತು.

ಸಕ್ಕರೆ ತೆಗೆದರೆ ಏನಾಗುತ್ತೆ?

ಇಂಥ ಕಡೆ ಎಲ್ಲರೂ ಸೂಚಿಸೋದು ಸ್ಟೀವಿಯಾದಂಥ ಸಕ್ಕರೆಯಿಲ್ಲದ ಸಿಹಿ. ಮೇಲಿನ ಲೆಕ್ಕ ಗೊತ್ತಿದ್ದರೆ ಇದು ಯಾಕೆ ಕೈಕೊಡುತ್ತೆ ಅಂತ ಊಹಿಸಬಹುದು. ಸ್ಟೀವಿಯಾ ಸಕ್ಕರೆಗಿಂತ ನೂರಾರು ಪಟ್ಟು ಸಿಹಿ, ಅದಕ್ಕೇ ಚಿಟಿಕೆಯಷ್ಟು ಸಾಕು. ನಾಲಿಗೆಗೆ ಸಿಹಿ ಸಿಕ್ಕಿತು. ಆದರೆ ಚಿಟಿಕೆಯಷ್ಟರಲ್ಲಿ ಎಷ್ಟು ಅಣುಗಳಿರುತ್ತವೆ? ಮೆತ್ತಗಿಡುವ ಕೆಲಸಕ್ಕೆ ಯಾರೂ ಬರಲಿಲ್ಲ. ಹೀಗಾಗಿ ಸಿಹಿಯಾದ ಕಲ್ಲು ಸಿದ್ಧವಾಗುತ್ತೆ.

ನಮ್ಮ ಕೆಲಸದ ಭಾಷೆಯಲ್ಲಿ ಹೇಳೋದಾದ್ರೆ, ಒಂದು ಫಂಕ್ಷನ್ ಎರಡು ಕೆಲಸ ಮಾಡ್ತಿದೆ. ಅದನ್ನು ತೆಗೆಯೋ ಮುಂಚೆ ಎರಡನೇ ಕೆಲಸವನ್ನು ಯಾರು ಮಾಡ್ತಾರೆ ಅಂತ ನೋಡಬೇಕು. ಸಿಹಿ ಕೊಡೋಕೆ ಮಾಗಿದ ಮಾವೇ ಇದೆ. ಮೆತ್ತಗಿಡೋಕೆ?

ಇಲ್ಲೇ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಬೇಕು. ಮೆತ್ತಗಿರಬೇಕಾದ್ದು ಯಾವಾಗ? ತಿನ್ನುವ ಹತ್ತು ನಿಮಿಷ. ಉಳಿದ ಹೊತ್ತೆಲ್ಲ ಫ್ರೀಜರಿನಲ್ಲಿ ಅದು ಕಲ್ಲಾಗಿದ್ದರೆ ಯಾರಿಗೇನು ನಷ್ಟ? ಹೆಪ್ಪುಗಟ್ಟಿದ ಹಣ್ಣನ್ನು ತಿನ್ನುವ ಹೊತ್ತಿಗೆ ಮಿಕ್ಸಿಯಲ್ಲಿ ಒಡೆದರೆ ಬ್ಲೇಡು ಹರಳುಗಳನ್ನು ಪುಡಿ ಮಾಡುತ್ತೆ, ಒಂದಿಷ್ಟು ಗಾಳಿ ಸೇರಿಸುತ್ತೆ, ಜೊತೆಗೆ ಮೈನಸ್ 18ರಿಂದ ಉಷ್ಣತೆ ಸ್ವಲ್ಪ ಮೇಲಕ್ಕೂ ಏರುತ್ತೆ. ಆ ಕ್ಷಣಕ್ಕೆ ಅದು ಸೋರ್ಬೆಯಷ್ಟೇ ಮೆತ್ತಗೆ. ಅರ್ಧ ಗಂಟೆ ಬಿಟ್ಟು ತಿಂತೀನಿ ಅಂದರೆ ಕರಗಿರುತ್ತೆ, ನಾಳೆಗೆ ಇಡ್ತೀನಿ ಅಂದರೆ ಮತ್ತೆ ಕಲ್ಲು.

ಅಂದ್ರೆ ಆ 80 ಗ್ರಾಂ ಸಕ್ಕರೆ ನಾವು ಕೊಡೋದು ಹೆಚ್ಚಾಗಿ ಡಬ್ಬದಲ್ಲಿ ಇಡೋಕೆ. ಮನೆಯವರೆಲ್ಲ ಒಟ್ಟಿಗೆ ಕೂತು ಆಗಿಂದಾಗ್ಗೆ ತಿನ್ನೋದಾದ್ರೆ ಅದು ಬೇಕಾಗೋದೇ ಇಲ್ಲ.

ಎರಡನೆಯದು: ಹೆಪ್ಪುಗಟ್ಟಿದ ಸೀಕರಣೆ

ನಾವು ಮನೆಯಲ್ಲಿ ಇದನ್ನು ಹೀಗೇ ಕರೆಯೋದು. ಐದು ಜನಕ್ಕೆ ಬೇಕಾದ್ದು: ಹೆಚ್ಚಿದ ಮಾವಿನ ಹೋಳು 400 ಗ್ರಾಂ, ನೀರು ಬಸಿದ ಗಟ್ಟಿ ಮೊಸರು 200 ಗ್ರಾಂ, ಅರ್ಧ ಚಮಚ ಏಲಕ್ಕಿ ಪುಡಿ, ಚಿಟಿಕೆ ಉಪ್ಪು. ಸಕ್ಕರೆ, ಬೆಲ್ಲ, ಜೇನು ಯಾವುದೂ ಇಲ್ಲ. ಇಲ್ಲಿ ರಸಪುರಿಗಿಂತ ಬಾದಾಮಿ ಅಥವಾ ಮಲ್ಲಿಕಾ ಒಳ್ಳೇದು, ಹೋಳು ಮಾಡೋಕೆ ಬರುತ್ತೆ. ಸಕ್ಕರೆ ಹಾಕದ ಕಾರಣ ಹಣ್ಣು ಪೂರ್ತಿ ಮಾಗಿರಲೇಬೇಕು. ಹುಳಿ ಹಣ್ಣಿಗೆ ಇಲ್ಲಿ ತೇಪೆ ಹಾಕೋಕಾಗಲ್ಲ.

ಮಾವನ್ನು ಒಂದಿಂಚಿನ ಹೋಳು ಮಾಡಿ, ತಟ್ಟೆಯಲ್ಲಿ ಒಂದಕ್ಕೊಂದು ತಾಗದಂತೆ ಹರಡಿ ರಾತ್ರಿಯಿಡೀ ಫ್ರೀಜರಿನಲ್ಲಿಡಿ. ಗಟ್ಟಿಯಾದ ಮೇಲೆ ಜಿಪ್ ಚೀಲಕ್ಕೆ ತುಂಬಿ. ಮೊದಲೇ ಚೀಲಕ್ಕೆ ತುಂಬಿಟ್ಟರೆ ಒಂದೇ ಗಡ್ಡೆಯಾಗಿ ಮಿಕ್ಸಿಗೆ ಹೋಗಲ್ಲ. ಮೊಸರನ್ನು ತೆಳು ಬಟ್ಟೆಯಲ್ಲಿ ಕಟ್ಟಿ ಫ್ರಿಜ್ಜಿನಲ್ಲೇ ಎರಡು ಗಂಟೆ ಬಸಿಯಿರಿ. ಬಸಿದ ನೀರನ್ನು ಚೆಲ್ಲಬೇಡಿ, ಚಪಾತಿ ಹಿಟ್ಟು ಕಲಸೋಕೆ ಬರುತ್ತೆ.

ಎಲ್ಲರೂ ಬಂದು ಕೂತ ಮೇಲೆ ಹೋಳುಗಳನ್ನು ಹೊರಗೆ ತೆಗೆದು ಐದು ನಿಮಿಷ ಬಿಡಿ. ಮಿಕ್ಸಿ ಜಾರಿಗೆ ಮೊದಲು ತಣ್ಣನೆ ಮೊಸರು, ಮೇಲೆ ಹೋಳು. ಒಂದೇ ಸಮ ಓಡಿಸಬೇಡಿ, ಪಲ್ಸ್‌ನಲ್ಲಿ ಬಿಟ್ಟು ಬಿಟ್ಟು ತಿರುಗಿಸಿ. ನಡುನಡುವೆ ಮಿಕ್ಸಿ ನಿಲ್ಲಿಸಿ ಬದಿಗೆ ಅಂಟಿದ್ದನ್ನು ಕೆಳಗೆ ತಳ್ಳಿ. ಒಂದೇ ಸಮ ಓಡಿಸಿದರೆ ಜಾರು ಬಿಸಿಯಾಗಿ ಕರಗಿ ಲಸ್ಸಿಯಾಗುತ್ತೆ, ಮೋಟರಿಗೂ ಒಳ್ಳೇದಲ್ಲ. ಚಿಕ್ಕ ಮಿಕ್ಸಿಯಾದರೆ ಎರಡು ಕಂತಿನಲ್ಲಿ ಮಾಡಿ. ಬಟ್ಟಲುಗಳನ್ನು ಮೊದಲೇ ಫ್ರೀಜರಿನಲ್ಲಿಟ್ಟಿದ್ದರೆ ಇನ್ನೂ ಎರಡು ನಿಮಿಷ ಹೆಚ್ಚು ನಿಲ್ಲುತ್ತೆ.

ಇಲ್ಲಿ ಮೊಸರು ಬರೀ ರುಚಿಗೆ ಅಲ್ಲ. ಅದರ ಕೊಬ್ಬು ಮತ್ತು ಪ್ರೋಟೀನು ಹರಳುಗಳ ನಡುವೆ ಕೂತು ನುಣುಪು ಕೊಡುತ್ತೆ. ಸಕ್ಕರೆ ಬಿಟ್ಟುಹೋದ ಜಾಗವನ್ನು ಇದು ಒಂದಿಷ್ಟು ತುಂಬುತ್ತೆ. ಹಾಲು, ಮೊಸರು ಆಗದವರು ತೆಂಗಿನ ಗಟ್ಟಿ ಹಾಲು ಹಾಕಬಹುದು.

ಲೆಕ್ಕ ನೋಡಿ. ಒಬ್ಬರ ಪಾಲಿಗೆ 80 ಗ್ರಾಂ ಮಾವು, 40 ಗ್ರಾಂ ಮೊಸರು. ಹಣ್ಣಿನ ಸಿಹಿಯನ್ನು ಅವಲಂಬಿಸಿ ಮಾವಿನಿಂದ 12ರಿಂದ 16 ಗ್ರಾಂ ಕಾರ್ಬೋಹೈಡ್ರೇಟ್, ಮೊಸರಿನಿಂದ ಒಂದೆರಡು ಗ್ರಾಂ. ಸಕ್ಕರೆ ಕಾಯಿಲೆಯವರಿಗೆ ಆಹಾರ ಲೆಕ್ಕ ಹಾಕಿಕೊಡುವವರು ಸಾಮಾನ್ಯವಾಗಿ 15 ಗ್ರಾಂ ಕಾರ್ಬೋಹೈಡ್ರೇಟನ್ನು ಒಂದು ಪಾಲು ಅಂತ ಎಣಿಸ್ತಾರೆ. ಅಂದ್ರೆ ಇದು ಹೆಚ್ಚುಕಮ್ಮಿ ಒಂದು ಪಾಲು. ಇದನ್ನು ಮೇಲಿಂದ ಸೇರಿಸೋದಲ್ಲ. ಅಪ್ಪ ಆ ಹೊತ್ತಿನ ಊಟದಲ್ಲಿ ಒಂದು ಚಪಾತಿ ಬಿಡ್ತಾರೆ.

ಅಪ್ಪ ಲೆಕ್ಕದ ಮೇಷ್ಟ್ರಾಗಿದ್ದವರು, ನನ್ನ ಲೆಕ್ಕವನ್ನು ಸುಮ್ಮನೆ ನಂಬುವವರಲ್ಲ. ಮೊದಲ ಸಲ ತಿಂದ ದಿನ ತಿನ್ನುವ ಮುಂಚೆ ಒಮ್ಮೆ, ಎರಡು ಗಂಟೆ ಬಿಟ್ಟು ಒಮ್ಮೆ ಗ್ಲುಕೋಮೀಟರಿನಲ್ಲಿ ನೋಡಿ ಡೈರಿಯಲ್ಲಿ ಬರೆದುಕೊಂಡರು. ಹೀಗೆ ನಾಲ್ಕು ಸಲ ಬರೆದ ಪುಟವನ್ನು ಡಾಕ್ಟರಿಗೆ ತೋರಿಸಿದರು. ವಾರಕ್ಕೆ ಎರಡು ಸಲ, ಇದೇ ಅಳತೆಯಲ್ಲಿ ತೊಂದರೆಯಿಲ್ಲ ಅಂದರು ಡಾಕ್ಟರ್. ಇದು ನಮ್ಮಪ್ಪನ ಮೈಗೆ, ಅವರ ಔಷಧಿಗೆ ಸಿಕ್ಕ ಉತ್ತರ. ನಿಮ್ಮ ಮನೆಯವರ ಉತ್ತರ ಬೇರೆ ಇರಬಹುದು. ಡಾಕ್ಟರನ್ನು ಕೇಳಿ, ಅಳತೆ ಮಾಡಿ, ಬರೆದಿಡಿ. ‘ಸಕ್ಕರೆ ಹಾಕಿಲ್ಲ’ ಅಂದ ಮಾತ್ರಕ್ಕೆ ಎರಡು ಬಟ್ಟಲು ತಿನ್ನಬಹುದು ಅಂತಲ್ಲ, ಹಣ್ಣಿನ ಸಕ್ಕರೆಯೂ ಸಕ್ಕರೆಯೇ.

ಈಗ ಮಂಗಳವಾರ ಮತ್ತು ಭಾನುವಾರ ರಾತ್ರಿ ನಮ್ಮನೆ ಮಿಕ್ಸಿ ಸದ್ದು ಮಾಡುತ್ತೆ. ಅದು ಶುರುವಾಗೋ ಮುಂಚೆ ಎಲ್ಲರೂ ಹಾಲ್‌ನಲ್ಲಿರಬೇಕು, ಕರಗೋಕೆ ಬಿಡುವಂತಿಲ್ಲವಲ್ಲ. ಯಾವ ತಳಿ ತರಬೇಕು ಅಂತ ನಿರ್ಧರಿಸುವ ಅಧಿಕಾರ ಅಪ್ಪನದು. ಕಳೆದ ವಾರ ನಾನು ತಂದ ಹಣ್ಣನ್ನು ಮೂಸಿ ನೋಡಿ, ‘ಇನ್ನೆರಡು ದಿನ ಇಡು’ ಅಂತ ಅಕ್ಕಿ ಡಬ್ಬಕ್ಕೆ ಸೇರಿಸಿದರು. ಎರಡು ವರ್ಷದಲ್ಲಿ ಮಾವಿನ ಬಗ್ಗೆ ಅವರು ಆಡಿದ ಮೊದಲ ಮಾತು ಅದು ಅಂತ ಅಮ್ಮ ಆಮೇಲೆ ಹೇಳಿದರು.

ಬೇರೆ ಹಣ್ಣುಗಳ ಸ್ವಭಾವ

ಮಾವಿನ ಕಾಲ ಮುಗಿದರೂ ಈ ಲೆಕ್ಕ ಉಪಯೋಗಕ್ಕೆ ಬರುತ್ತೆ.

ಕಲ್ಲಂಗಡಿ: ಶೇ 90ಕ್ಕೂ ಹೆಚ್ಚು ನೀರು, ಸಕ್ಕರೆ 100 ಗ್ರಾಂಗೆ ಸುಮಾರು 6 ಗ್ರಾಂ ಮಾತ್ರ. ಇದರಿಂದ ನುಣುಪು ನಿರೀಕ್ಷಿಸಬೇಡಿ. ರಸವನ್ನು ತಟ್ಟೆಯಲ್ಲಿ ಹೆಪ್ಪುಗಟ್ಟಿಸಿ ಫೋರ್ಕಿನಿಂದ ಕೆರೆದರೆ ಹರಳು ಹರಳಾದ ಹಿಮದ ಥರ ಬರುತ್ತೆ. ಇಟಲಿಯಲ್ಲಿ ಇದಕ್ಕೆ ‘ಗ್ರಾನಿತಾ’ ಅಂತಾರೆ. ನಿಂಬೆ, ಪುದೀನ, ಚಿಟಿಕೆ ಕಾಳುಮೆಣಸು ಚೆನ್ನಾಗಿ ಹೊಂದುತ್ತೆ.

ಕರಬೂಜ: ಇದೂ ನೀರಿನ ಹಣ್ಣೇ, ಆದರೆ ತಿರುಳು ಮೆತ್ತಗೆ. ಹೋಳು ಹೆಪ್ಪುಗಟ್ಟಿಸಿ ಮೊಸರಿನ ಜೊತೆ ಒಡೆದರೆ ಚೆನ್ನ.

ಬಾಳೆಹಣ್ಣು: ಒಂಟಿಯಾಗಿಯೇ ಐಸ್‌ಕ್ರೀಮ್ ಥರ ಆಗುವ ಹಣ್ಣು. ಚುಕ್ಕೆ ಬಿದ್ದ ಪಚ್ಚಬಾಳೆಯನ್ನು ಬಿಲ್ಲೆ ಮಾಡಿ ಹೆಪ್ಪುಗಟ್ಟಿಸಿ ಮಿಕ್ಸಿಗೆ ಹಾಕಿ. ನೀರಿನ ಹಣ್ಣುಗಳ ಜೊತೆ ಒಂದು ಬಾಳೆ ಸೇರಿಸಿದರೂ ಮಿಶ್ರಣ ನುಣುಪಾಗುತ್ತೆ. ಆದರೆ ಇದರ ಸಕ್ಕರೆ, ಪಿಷ್ಟ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ನೇರಳೆ: ಬೀಜ ತೆಗೆಯುವ ತಾಳ್ಮೆ ಬೇಕು. ಒಗರು ತಗ್ಗಿಸೋಕೆ ಚಿಟಿಕೆ ಉಪ್ಪು. ಬಣ್ಣ ನೋಡಿದರೇ ಮಕ್ಕಳು ಓಡಿ ಬರ್ತಾರೆ.

ಪುನರ್ಪುಳಿ: ಕರಾವಳಿಯವರ ಮನೆಯಲ್ಲಿ ಇದರ ಸಿರಪ್ ಇದ್ದೇ ಇರುತ್ತೆ. ಕುಡಿಯುವ ಶರಬತ್ತಿಗಿಂತ ಸ್ವಲ್ಪ ಗಟ್ಟಿಯಾಗಿ ಬೆರೆಸಿ, ಜೀರಿಗೆ ಪುಡಿ ಹಾಕಿ ಐಸ್ ಕ್ಯಾಂಡಿ ಅಚ್ಚಿಗೆ ಸುರಿಯಿರಿ.

ದ್ರಾಕ್ಷಿ: ತೊಳೆದು ಒರೆಸಿ ಹಾಗೇ ಫ್ರೀಜರಿಗಿಟ್ಟರೆ ಸಾಕು, ಬೇರೇನೂ ಮಾಡೋದಿಲ್ಲ. ಚಿಕ್ಕ ಮಕ್ಕಳಿಗೆ ಇಡಿಯಾಗಿ ಕೊಡಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯವಿದೆ. ಉದ್ದಕ್ಕೆ ಸೀಳಿ ಕೊಡಿ.

ಫ್ರೀಜರ್ ಇಲ್ಲದ ಪಿಜಿಯಲ್ಲಿದ್ದೀರಾ? ಅಂಗಡಿಯಿಂದ ಐಸ್ ತಂದರೆ ಸಾಕು. ದೊಡ್ಡ ಜಿಪ್ ಚೀಲದಲ್ಲಿ ನಾಲ್ಕು ಕಪ್ ಐಸ್ ಚೂರು, ಅರ್ಧ ಕಪ್ಪಿಗೂ ಸ್ವಲ್ಪ ಹೆಚ್ಚು ಕಲ್ಲುಪ್ಪು. ಅದರೊಳಗೆ ಗಟ್ಟಿಯಾಗಿ ಮುಚ್ಚಿದ ಚಿಕ್ಕ ಚೀಲ, ಅದರಲ್ಲಿ ಒಂದು ಕಪ್ ಹಣ್ಣಿನ ಮಿಶ್ರಣ. ಟವೆಲಿನಲ್ಲಿ ಸುತ್ತಿ ಹತ್ತು ನಿಮಿಷ ಅಲ್ಲಾಡಿಸಿ. ಉಪ್ಪು ಐಸನ್ನು ಕರಗಿಸುತ್ತೆ, ಕರಗಲು ಬೇಕಾದ ಶಾಖವನ್ನು ಸುತ್ತಲಿಂದ ಎಳೆದುಕೊಳ್ಳುತ್ತೆ. ಉಪ್ಪು ಮತ್ತು ಐಸಿನ ಮಿಶ್ರಣ ಮೈನಸ್ 21 ಡಿಗ್ರಿಯವರೆಗೂ ಇಳಿಯಬಲ್ಲದು. ಕೈಯಲ್ಲಿ ತಿರುಗಿಸುವ ಹಳೇ ಐಸ್‌ಕ್ರೀಮ್ ಡ್ರಮ್ಮು, ಮಡಕೆ ಕುಲ್ಫಿ ಎಲ್ಲ ನಡೆಯೋದು ಇದೇ ತತ್ವದ ಮೇಲೆ. ಬರಿಗೈಯಲ್ಲಿ ಮಾತ್ರ ಹಿಡಿಯಬೇಡಿ, ಚರ್ಮಕ್ಕೆ ಏಟಾಗುತ್ತೆ.

ತಣ್ಣಗಿದ್ದರೂ ಎಚ್ಚರ

ಹೆಪ್ಪುಗಟ್ಟಿಸಿದರೆ ರೋಗಾಣು ಸಾಯುತ್ತೆ ಅನ್ನೋ ನಂಬಿಕೆ ತುಂಬ ಜನಕ್ಕಿದೆ. ಹೆಚ್ಚಿನವು ಸಾಯಲ್ಲ, ನಿದ್ದೆ ಮಾಡುತ್ತವೆ. ಕರಗಿದಾಗ ಏಳುತ್ತವೆ. ಹಾಗಾಗಿ ನೀರು ಹಾಕೋದಾದ್ರೆ ಕುದಿಸಿ ಆರಿಸಿದ ನೀರೇ ಆಗಲಿ. ಚಾಕು, ಮಣೆ, ಮಿಕ್ಸಿ ಜಾರು ಚೆನ್ನಾಗಿ ತೊಳೆದಿರಲಿ. ಬೆಳ್ಳುಳ್ಳಿ ಚಟ್ನಿ ಅರೆದ ಜಾರಿನ ಕಥೆ ಬೇರೆಯೇ, ಅದು ರೋಗಾಣುವಿನ ಪ್ರಶ್ನೆ ಅಲ್ಲ, ಮನೆಯ ಶಾಂತಿಯದ್ದು!

ಬೇಸಿಗೆಯಲ್ಲಿ ಕರೆಂಟ್ ಹೋಗೋದು ಸಾಮಾನ್ಯ. ಬಾಗಿಲು ತೆರೆಯದಿದ್ದರೆ ಅರ್ಧ ತುಂಬಿದ ಫ್ರೀಜರ್ ಸುಮಾರು ಒಂದು ದಿನ ತಣ್ಣಗೇ ಇರುತ್ತೆ, ಪೂರ್ತಿ ತುಂಬಿದ್ದರೆ ಎರಡು ದಿನ. ಆದರೆ ಇದು ಬಾಗಿಲು ಬೇರೆಯಿರುವ ಫ್ರೀಜರಿನ ಮಾತು, ಹಳೇ ಸಿಂಗಲ್ ಡೋರ್ ಫ್ರಿಜ್ಜಿನಲ್ಲಿ ಅಷ್ಟು ಹೊತ್ತು ನಿಲ್ಲಲ್ಲ. ಮೊಸರು ಹಾಕಿದ ಮಿಶ್ರಣ ಪೂರ್ತಿ ಕರಗಿ ಬೆಚ್ಚಗಾಗಿದ್ದರೆ ಮತ್ತೆ ಹೆಪ್ಪುಗಟ್ಟಿಸೋಕೆ ಹೋಗಬೇಡಿ.

ಹಣ್ಣು ಕೊಳ್ಳುವಾಗ ಇನ್ನೊಂದು ಮಾತು. ಕ್ಯಾಲ್ಸಿಯಂ ಕಾರ್ಬೈಡ್ ಹಾಕಿ ಹಣ್ಣು ಮಾಗಿಸೋದು ನಮ್ಮ ದೇಶದಲ್ಲಿ ನಿಷಿದ್ಧ. ಎಥಿಲೀನ್ ಅನಿಲವನ್ನು ನಿಗದಿತ ಮಿತಿಯಲ್ಲಿ ಬಳಸೋಕೆ ಅನುಮತಿಯಿದೆ. ಅನುಮಾನವಿದ್ದರೆ ಗಟ್ಟಿ ಹಣ್ಣನ್ನೇ ತಂದು ಅಕ್ಕಿ ಡಬ್ಬದಲ್ಲೋ ಹುಲ್ಲಿನಲ್ಲೋ ಮನೆಯಲ್ಲೇ ಮಾಗಿಸಿ. ನಾಲ್ಕು ದಿನ ಕಾಯಬೇಕು, ಆದರೆ ಸಕ್ಕರೆ ಹಾಕದ ತಿನಿಸಿಗೆ ಪರಿಮಳ ಬೇಕಾದ್ದೂ ಅಲ್ಲಿಂದಲೇ.

ಅಂಗಡಿಯಿಂದಲೇ ತರೋದಾದ್ರೆ ಡಬ್ಬದ ಮೇಲಿನ ಚಿಕ್ಕ ಅಕ್ಷರ ಓದಿ. ನಮ್ಮ ನಿಯಮದ ಪ್ರಕಾರ ಬರೀ ‘ಐಸ್‌ಕ್ರೀಮ್’ ಅಂತ ಕರೆಸಿಕೊಳ್ಳೋಕೆ ಹಾಲಿನ ಕೊಬ್ಬು ಕನಿಷ್ಠ ಶೇ 10 ಇರಬೇಕು. ‘ಫ್ರೋಜನ್ ಡೆಸರ್ಟ್’ ಅಂತಿದ್ದರೆ ಅದರಲ್ಲಿ ಸಸ್ಯಜನ್ಯ ಎಣ್ಣೆ ಇರುತ್ತೆ. ತಿನ್ನಬಾರದು ಅಂತಲ್ಲ, ಏನು ತಿಂತಿದ್ದೀವಿ ಅಂತ ಗೊತ್ತಿರಲಿ. ‘ನೋ ಆಡೆಡ್ ಶುಗರ್’ ಅಂತ ಬರೆದಿದ್ದರೂ ಹಿಂದೆ ತಿರುಗಿಸಿ ಒಟ್ಟು ಕಾರ್ಬೋಹೈಡ್ರೇಟ್ ಎಷ್ಟು ಅಂತ ನೋಡಿ.

ನಿಮ್ಮ ಮನೆಯಲ್ಲೂ ಹಣ್ಣು ಹೆಚ್ಚುವಾಗ ನೆಪ ಹೇಳಿ ಎದ್ದು ಹೋಗುವವರು ಒಬ್ಬರಿರಬಹುದು. ಸಕ್ಕರೆ ಕಾಯಿಲೆಯೇ ಆಗಬೇಕಿಲ್ಲ. ಹಲ್ಲು ಜುಮ್ಮೆನ್ನುವ ಅಜ್ಜಿ, ಹಾಲು ಆಗದ ತಂಗಿ, ಡಯೆಟ್ ಅಂತ ಕೂತಿರುವ ಗೆಳೆಯ, ಯಾರಾದರೂ ಆಗಬಹುದು. ಅವರಿಗೆ ಯಾವುದು ಆಗಲ್ಲ, ಎಷ್ಟಾದರೆ ಆಗುತ್ತೆ ಅಂತ ಒಮ್ಮೆ ಬಾಯಿಬಿಟ್ಟು ಕೇಳಿ. ಆಮೇಲೆ ಈ ಪಾಕವಿಧಾನದಲ್ಲಿ ಏನು ತೆಗೆಯಬೇಕು, ಅದರ ಕೆಲಸವನ್ನು ಯಾವುದರಿಂದ ಮಾಡಿಸಬೇಕು ಅಂತ ನೋಡಿ.

ಈ ವಾರಾಂತ್ಯ ಒಂದು ಕಿಲೋ ಹಣ್ಣು ತಂದು ಮಾಗೋಕೆ ಇಡಿ. ಐದನೇ ದಿನ ರಾತ್ರಿ ಹೋಳು ಮಾಡಿ ಫ್ರೀಜರಿಗಿಡಿ. ಆರನೇ ದಿನ ಊಟ ಆದ ಮೇಲೆ ಎಲ್ಲರನ್ನೂ ಕರೆದು ಕೂರಿಸಿ, ಆಮೇಲೆ ಮಿಕ್ಸಿ ಹಾಕಿ. ಉಳಿಸಿ ನಾಳೆಗೆ ಇಡೋಣ ಅಂತ ಮಾತ್ರ ಅಂದುಕೊಳ್ಳಬೇಡಿ, ಇದು ಆವತ್ತೇ ಮುಗಿಯಬೇಕಾದ ತಿನಿಸು.